ಅರ್ಧ ಶತಮಾನದ ಸಂಸದ ಎಮಾನ್ಯುಯೆಲ್ ಸೆಲ್ಲರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಲಸೆ ಕಾನೂನಿನ ಮಾತು ಬಂದಾಗಲೆಲ್ಲ ನಾನು ಸೆಲ್ಲರ್ ಹೆಸರು ಎತ್ತುತ್ತೇನೆ. ಎತ್ತಿದ ಕೂಡಲೇ ಎದುರಿನವರು ಪ್ರಶ್ನೆ ಶುರು ಮಾಡುತ್ತಾರೆ. ಊಟಕ್ಕೆ ಕೂತಾಗ, ಪತ್ರಗಳಲ್ಲಿ, ಕನ್ನಡ ಕೂಟದ ಕಾರ್ಯಕ್ರಮ ಮುಗಿದು ಕಾಫಿ ಹಿಡಿದು ನಿಂತಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳ ಭಾಷೆ ಕೇಳಿದವರದೇ.

## ಮೊದಲ ಪರಿಚಯ

ಈ ಸೆಲ್ಲರ್ ಯಾರು? ನಾನು ಹೆಸರೇ ಕೇಳಿಲ್ವಲ್ಲ!

ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಅಮೆರಿಕದ ಸಂಸತ್ತಿನ ಕೆಳಮನೆಗೆ ಆಯ್ಕೆಯಾಗುತ್ತಿದ್ದ ಡೆಮಾಕ್ರಟಿಕ್ ಪಕ್ಷದ ಸಂಸದ. 1888ರ ಮೇ 6ರಂದು ಬ್ರೂಕ್ಲಿನ್‌ನಲ್ಲೇ ಹುಟ್ಟಿದರು. 1923ರ ಮಾರ್ಚ್‌ನಿಂದ 1973ರ ಜನವರಿವರೆಗೆ ಒಂದು ದಿನವೂ ಬಿಡುವಿಲ್ಲದೆ ಸಂಸದರಾಗಿದ್ದರು. ಐವತ್ತು ವರ್ಷಕ್ಕೆ ಎರಡು ತಿಂಗಳು ಕಡಿಮೆ ಅಷ್ಟೇ. ಒಳಗೆ ಬಂದಾಗ ಹಾರ್ಡಿಂಗ್ ಅಧ್ಯಕ್ಷರು, ಹೊರಗೆ ಹೋದಾಗ ನಿಕ್ಸನ್.

ಹೆಸರು ಕೇಳಿಲ್ಲ ಅನ್ನುವುದರಲ್ಲಿ ಆಶ್ಚರ್ಯವೇನಿಲ್ಲ. ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷರ ಫೋಟೊ ಪಠ್ಯಪುಸ್ತಕಕ್ಕೆ ಹೋಗುತ್ತದೆ. ಸಮಿತಿಯಲ್ಲಿ ಕೂತು ಅದನ್ನು ಬರೆದವರು ಯಾರಿಗೂ ನೆನಪಿರುವುದಿಲ್ಲ.

ಒಬ್ಬರೇ ಐವತ್ತು ವರ್ಷ ಇರೋಕೆ ಆಗುತ್ತಾ? ಅಲ್ಲಿ ಎರಡು ಅವಧಿ ಅಷ್ಟೇ ಅಲ್ವಾ?

ಎರಡು ಅವಧಿಯ ಮಿತಿ ಅಧ್ಯಕ್ಷರಿಗೆ ಮಾತ್ರ. ಸಂಸದರಿಗೆ ಇಲ್ಲ. ಆದರೆ ಕೆಳಮನೆಯ ಅವಧಿ ಎರಡೇ ವರ್ಷ. ಹಾಗಾಗಿ ಸೆಲ್ಲರ್ 25 ಸಲ ಜನರ ಮುಂದೆ ಹೋಗಿ ಗೆದ್ದು ಬರಬೇಕಾಯಿತು. ಅವರ ಕ್ಷೇತ್ರ ಬರಬರುತ್ತಾ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಾಯಿತು. ಪಕ್ಷದ ಒಳಗಿನ ಪ್ರೈಮರಿ ಚುನಾವಣೆ ದಾಟಿದರೆ ಮುಗಿಯಿತು, ನವೆಂಬರ್ ಚುನಾವಣೆ ಹೆಸರಿಗಷ್ಟೆ. ಆ ಪ್ರೈಮರಿಯಲ್ಲೇ ಒಂದು ದಿನ ಮುಗ್ಗರಿಸಿದರು. ಅದರ ಕಥೆ ಕೆಳಗಿದೆ.

ಅಮೆರಿಕದಲ್ಲಿ ಅತಿ ಹೆಚ್ಚು ಕಾಲ ಸಂಸದರಾಗಿದ್ದವರು ಇವರೇನಾ?

ಅಲ್ಲ. ಆ ದಾಖಲೆ ಮಿಷಿಗನ್‌ನ ಜಾನ್ ಡಿಂಗೆಲ್ ಅವರದು, 59 ವರ್ಷಕ್ಕೂ ಜಾಸ್ತಿ. ಪಶ್ಚಿಮ ವರ್ಜೀನಿಯಾದ ರಾಬರ್ಟ್ ಬರ್ಡ್ ಮೇಲ್ಮನೆಯಾದ ಸೆನೆಟ್ ಒಂದರಲ್ಲೇ 51 ವರ್ಷ ಇದ್ದರು. ನ್ಯೂಯಾರ್ಕ್ ರಾಜ್ಯದ ಮಟ್ಟಿಗೆ ಸೆಲ್ಲರ್ ಅವರನ್ನು ಮೀರಿಸಿದವರಿಲ್ಲ. ಕೊನೆಯ ಎಂಟು ವರ್ಷ ಇಡೀ ಕೆಳಮನೆಗೇ ಹಿರಿಯರು.

ರಾಜಕೀಯಕ್ಕೆ ಬರೋ ಮುಂಚೆ ಏನು ಮಾಡ್ತಿದ್ರು?

ವೈನ್ ಮಾರುತ್ತಿದ್ದರು. ಜರ್ಮನ್ ಮೂಲದ ಯಹೂದಿ ಕುಟುಂಬ. ತಂದೆಯ ವಿಸ್ಕಿ ವ್ಯಾಪಾರ ಮುಳುಗಿತು. ಆಮೇಲೆ ಅವರು ಮನೆ ಮನೆಗೆ ವೈನ್ ಮಾರತೊಡಗಿದರು. ಸೆಲ್ಲರ್ ಕಾಲೇಜಿನಲ್ಲಿದ್ದಾಗ ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು. ಸಂಸಾರ ಇವರ ಹೆಗಲಿಗೆ ಬಿತ್ತು. ಬೆಳಿಗ್ಗೆ ಕೊಲಂಬಿಯಾ ಕಾಲೇಜು, ಮಧ್ಯಾಹ್ನದಿಂದ ಸಂಜೆವರೆಗೆ ವೈನ್ ಮಾರಾಟ. ಹಾಗೇ ಓದಿ 1912ರಲ್ಲಿ ಕೊಲಂಬಿಯಾದ ಕಾನೂನು ಪದವಿ ಪಡೆದು ವಕೀಲರಾದರು.

1922ರಲ್ಲಿ ಮೊದಲ ಸಲ ಚುನಾವಣೆಗೆ ನಿಂತಾಗ ಅಮೆರಿಕದಲ್ಲಿ ಪಾನ ನಿಷೇಧ ಜಾರಿಯಲ್ಲಿತ್ತು. ಅದು ಬೇಡ ಅನ್ನುವುದೇ ಇವರ ಮುಖ್ಯ ಪ್ರಚಾರ. ವೈನ್ ಮಾರಿ ಓದಿದವರು ಬೇರೇನು ಹೇಳಿಯಾರು!

## ವಲಸೆ: ಒಂದು ಸೋಲು, ನಲವತ್ತೊಂದು ವರ್ಷದ ಕಾಯುವಿಕೆ

1924ರ ಕಾನೂನು ಅಂತ ಎಲ್ಲರೂ ಹೇಳ್ತಾರಲ್ಲ, ಅದರಲ್ಲೇನಿತ್ತು?

ಯಾರು ಅಮೆರಿಕಕ್ಕೆ ಬರಬಹುದು ಅನ್ನುವುದನ್ನು ಹುಟ್ಟಿದ ದೇಶ ನೋಡಿ ತೀರ್ಮಾನಿಸುವ ಕಾನೂನು ಅದು. ಜಾನ್ಸನ್-ರೀಡ್ ಕಾಯ್ದೆ ಅಂತ ಹೆಸರು. 1890ರ ಜನಗಣತಿಯಲ್ಲಿ ಅಮೆರಿಕದಲ್ಲಿ ಯಾವ ದೇಶದವರು ಎಷ್ಟು ಜನ ಇದ್ದರೋ ಅದರ ಶೇ 2ರಷ್ಟು ಮಾತ್ರ ಆ ದೇಶಕ್ಕೆ ಕೋಟಾ.

1890 ಯಾಕೆ? 1920ರ ಗಣತಿ ಕೈಯಲ್ಲೇ ಇತ್ತಲ್ಲ? ಕಿತಾಪತಿ ಇರುವುದೇ ಅಲ್ಲಿ. ಇಟಲಿ, ಪೋಲೆಂಡ್, ರಷ್ಯಾಗಳಿಂದ ಕ್ಯಾಥೊಲಿಕರೂ ಯಹೂದಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಹಳೇ ಗಣತಿ ಹಿಡಿದರೆ ಅವರ ಕೋಟಾ ತಾನಾಗಿಯೇ ಕುಗ್ಗುತ್ತದೆ, ಬ್ರಿಟನ್ ಜರ್ಮನಿಗಳದು ಹಿಗ್ಗುತ್ತದೆ. ಏಷ್ಯಾದವರಿಗಂತೂ ಬಾಗಿಲೇ ಬಂದ್.

ಸೆಲ್ಲರ್ ಆಗ ಹೊಸಬರು. ಸದನದಲ್ಲಿ ಅವರ ಮೊದಲ ದೊಡ್ಡ ಭಾಷಣ ಈ ಮಸೂದೆಯ ವಿರುದ್ಧವೇ. ಮತಕ್ಕೆ ಹಾಕಿದಾಗ 323 ಪರ, 71 ವಿರುದ್ಧ. ಸೋಲು ಅಂದರೆ ಹೀನಾಯ ಸೋಲು. ಆದರೆ ಈ ಸೋಲನ್ನು ಅವರು ಮರೆಯಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬರುವ ಯಹೂದಿಗಳಿಗೆ ಬಾಗಿಲು ತೆಗೆಯಿರಿ ಅಂತ ಮತ್ತೆ ಮತ್ತೆ ಕೇಳಿದರು. ಆಗಲೂ ಅಡ್ಡ ಬಂದದ್ದು ಇದೇ ಕೋಟಾ.

ನಮ್ಮವರಿಗೆ ಪೌರತ್ವ ಕೊಡಿಸಿದ್ದು ಇವರೇ ಅಂತಾರೆ. ನಿಜಾನಾ?

ನಿಜ, ಆದರೆ ಒಬ್ಬರೇ ಅಲ್ಲ. ಹಿನ್ನೆಲೆ ಹೇಳಿಬಿಡುತ್ತೇನೆ. 1923ರ ಫೆಬ್ರುವರಿಯಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಭಾರತದವರು ಬಿಳಿಯರಲ್ಲ, ಹಾಗಾಗಿ ಪೌರತ್ವ ಪಡೆಯುವಂತಿಲ್ಲ ಅಂತ. ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು! ಅಷ್ಟೇ ಅಲ್ಲ, ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ವಾಪಸ್ ಕಿತ್ತುಕೊಂಡರು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಹೆಸರಿಗೆ ಜಮೀನು ಕೊಳ್ಳುವಂತಿರಲಿಲ್ಲ. ಅಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿಗಳು ಬೇರೆಯವರ ಹೆಸರಿನಲ್ಲಿ ಗದ್ದೆ ಮಾಡಬೇಕಾಯಿತು. ಸೆಲ್ಲರ್ ಅವರ ಮೊದಲ ಅವಧಿ ಶುರುವಾದದ್ದು ಈ ತೀರ್ಪಿನ ಎರಡು ವಾರದ ನಂತರ.

ಇದನ್ನು ಸರಿ ಮಾಡಿದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ. ಜೊತೆಗಿದ್ದವರು ಕನೆಕ್ಟಿಕಟ್‌ನ ರಿಪಬ್ಲಿಕನ್ ಸಂಸದೆ ಕ್ಲೇರ್ ಬೂತ್ ಲೂಸ್. ಹೊರಗಿನಿಂದ ಪಟ್ಟು ಹಿಡಿದು ಓಡಾಡಿದವರು ನ್ಯೂಯಾರ್ಕಿನ ವ್ಯಾಪಾರಿ ಜೆ.ಜೆ. ಸಿಂಗ್, ಇಂಡಿಯಾ ಲೀಗ್ ಆಫ್ ಅಮೆರಿಕದ ಮುಖ್ಯಸ್ಥರು. ಅಧ್ಯಕ್ಷ ಟ್ರೂಮನ್ 1946ರ ಜುಲೈ 2ರಂದು ಸಹಿ ಹಾಕಿದರು. ಭಾರತೀಯರ ಜೊತೆ ಫಿಲಿಪೀನ್ಸ್‌ನವರಿಗೂ ಇದರಲ್ಲಿ ಪೌರತ್ವದ ಹಕ್ಕು ಸಿಕ್ಕಿತು.

ವರ್ಷಕ್ಕೆ ಬರೀ ನೂರು ಜನ ಅಂತೆ! ಅದೂ ಒಂದು ಉಪಕಾರನಾ?

ಕೋಟಾ ನೂರೇ. ಇಡೀ ಭಾರತಕ್ಕೆ, ಇನ್ನೂ ಒಡೆಯದ ಭಾರತಕ್ಕೆ, ವರ್ಷಕ್ಕೆ ನೂರು. ಆದರೆ ಈ ಕಾಯ್ದೆಯ ತೂಕ ಕೋಟಾದಲ್ಲಿಲ್ಲ, ಪೌರತ್ವದಲ್ಲಿದೆ. ಆಗಲೇ ಅಲ್ಲಿದ್ದ ಭಾರತೀಯರು ಮತ ಹಾಕಬಹುದು, ಆಸ್ತಿ ಮಾಡಬಹುದು, ಚುನಾವಣೆಗೆ ನಿಲ್ಲಬಹುದು ಅಂತಾಯಿತು.

ಒಬ್ಬರ ಉದಾಹರಣೆ ಸಾಕು. ದಲೀಪ್ ಸಿಂಗ್ ಸೌಂದ್ 1920ರಲ್ಲಿ ಓದಲು ಬಂದವರು, ಗಣಿತದಲ್ಲಿ ಪಿಎಚ್.ಡಿ. ಮಾಡಿ ಕ್ಯಾಲಿಫೋರ್ನಿಯಾದಲ್ಲಿ ರೈತರಾದರು. ಈ ಕಾಯ್ದೆಯಿಂದಾಗಿ 1949ರಲ್ಲಿ ಅಮೆರಿಕದ ಪೌರರಾದರು. 1956ರಲ್ಲಿ ಗೆದ್ದು, ಅಮೆರಿಕದ ಸಂಸತ್ತಿಗೆ ಹೋದ ಮೊದಲ ಭಾರತೀಯ ಮೂಲದವರಾದರು. ಸೆಲ್ಲರ್ ಇದ್ದ ಅದೇ ಸದನಕ್ಕೆ.

1965ರಲ್ಲಿ ಏನು ಬದಲಾಯ್ತು?

ಹುಟ್ಟಿದ ದೇಶ ನೋಡಿ ಹೆಚ್ಚು ಕಡಿಮೆ ಮಾಡುವ ಕೋಟಾ ಹೋಯಿತು. ಸೆನೆಟ್‌ನಲ್ಲಿ ಮಿಷಿಗನ್‌ನ ಫಿಲಿಪ್ ಹಾರ್ಟ್, ಕೆಳಮನೆಯಲ್ಲಿ ಸೆಲ್ಲರ್. ಹಾಗಾಗಿ ಹಾರ್ಟ್-ಸೆಲ್ಲರ್ ಕಾಯ್ದೆ. ಅಧ್ಯಕ್ಷ ಜಾನ್ಸನ್ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಲಿಬರ್ಟಿ ದ್ವೀಪದಲ್ಲಿ, ಸ್ವಾತಂತ್ರ್ಯ ದೇವಿಯ ಪ್ರತಿಮೆ ಕೆಳಗೆ ಸಹಿ ಹಾಕಿದರು. 1924ರಲ್ಲಿ ಭಾಷಣ ಮಾಡಿ ಸೋತಾಗ ಸೆಲ್ಲರ್‌ಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಈಗ ಎಪ್ಪತ್ತೇಳು.

ಹೊಸ ಲೆಕ್ಕ ಹೀಗಿತ್ತು. ಯುರೋಪ್, ಏಷ್ಯಾ, ಆಫ್ರಿಕಾ ಎಲ್ಲ ಸೇರಿ ವರ್ಷಕ್ಕೆ 1,70,000 ವೀಸಾ. ಒಂದು ದೇಶಕ್ಕೆ 20,000ಕ್ಕಿಂತ ಜಾಸ್ತಿ ಇಲ್ಲ. ಪೌರರ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ಅಪ್ಪ ಅಮ್ಮ ಈ ಲೆಕ್ಕದಿಂದ ಹೊರಗೆ. ಉಳಿದವರಿಗೆ ಏಳು ದರ್ಜೆಗಳ ಸಾಲು: ನಾಲ್ಕು ದರ್ಜೆ ಬಂಧುಗಳಿಗೆ, ಎರಡು ಕೆಲಸಕ್ಕೆ, ಒಂದು ನಿರಾಶ್ರಿತರಿಗೆ. ಪೌರರ ಅಣ್ಣ ತಮ್ಮ ಅಕ್ಕ ತಂಗಿಯರಿಗೇ ಶೇ 24. ಡಾಕ್ಟರು, ವಿಜ್ಞಾನಿ, ಎಂಜಿನಿಯರ್‌ಗಳಂಥವರಿಗೆ ಮೂರನೇ ದರ್ಜೆಯಲ್ಲಿ ಶೇ 10.

ಇಷ್ಟೊಂದು ಏಷ್ಯಾದವರು ಬರ್ತಾರೆ ಅಂತ ಅವರಿಗೆ ಗೊತ್ತಿತ್ತಾ?

ಇಲ್ಲ. ಸದನದಲ್ಲೇ ಅವರು ಕೊಟ್ಟ ಭರವಸೆ ಇದರ ತದ್ವಿರುದ್ಧ. ಏಷ್ಯಾ, ಆಫ್ರಿಕಾದವರಿಗೆ ಅಮೆರಿಕದಲ್ಲಿ ನೆಂಟರೇ ಕಡಿಮೆ, ಹಾಗಾಗಿ ಬರುವವರೂ ಕಡಿಮೆ ಅಂತ ವಾದಿಸಿದರು. ನೆಂಟಸ್ತಿಕೆಗೆ ಮೊದಲ ಸ್ಥಾನ ಕೊಡಬೇಕು ಅಂತ ಹಟ ಹಿಡಿದವರು ವಲಸೆ ಉಪಸಮಿತಿಯ ಅಧ್ಯಕ್ಷ, ಒಹಾಯೊದ ಮೈಕಲ್ ಫೀಗನ್. ಇರುವವರ ಬಂಧುಗಳೇ ಬಂದರೆ ದೇಶದ ಬಣ್ಣ ಬದಲಾಗುವುದಿಲ್ಲ ಅನ್ನುವ ಎಣಿಕೆ ಅದನ್ನು ಬೆಂಬಲಿಸಿದವರಲ್ಲಿತ್ತು.

ಎಣಿಕೆ ತಲೆಕೆಳಗಾಯಿತು. ಯುರೋಪಿನವರಿಗೆ ಬರುವ ಆಸೆ ಕಡಿಮೆಯಾಗಿತ್ತು. ಭಾರತದಿಂದ ಮೊದಲು ಡಾಕ್ಟರು, ಎಂಜಿನಿಯರು ಮೂರನೇ ದರ್ಜೆಯಲ್ಲಿ ಬಂದರು. ಐದಾರು ವರ್ಷದಲ್ಲಿ ಪೌರರಾದರು. ಆಮೇಲೆ ತಮ್ಮನಿಗೆ ಅರ್ಜಿ, ತಂಗಿಗೆ ಅರ್ಜಿ, ಅವರ ಸಂಸಾರ. ಬೆಂಗಳೂರು, ಮೈಸೂರು, ಮಣಿಪಾಲದ ಮೆಡಿಕಲ್ ಕಾಲೇಜುಗಳಲ್ಲಿ ಓದಿ ಹೋದವರ ಮನೆಯಲ್ಲಿ ಈ ಕಥೆ ಕೇಳಿ ನೋಡಿ. ಅಮೆರಿಕದ ಊರೂರಲ್ಲಿ ಇವತ್ತು ಕನ್ನಡ ಕೂಟಗಳಿರುವುದಕ್ಕೆ ಈ ಕಾಯ್ದೆಯೇ ಬುನಾದಿ.

ಸೆಲ್ಲರ್ ಸುಳ್ಳು ಹೇಳಿದರು ಅಂತ ಕೆಲವರು ಈಗಲೂ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರ ಕಣ್ಣು 1924ರ ಮೇಲೇ ನೆಟ್ಟಿತ್ತು. ಇಟಲಿಯವರಿಗೆ, ಗ್ರೀಕರಿಗೆ, ಪೂರ್ವ ಯುರೋಪಿನ ಯಹೂದಿಗಳಿಗೆ ಆದ ಅನ್ಯಾಯ ಸರಿಪಡಿಸಬೇಕಿತ್ತು. ಹೈದರಾಬಾದ್, ಸೋಲ್, ಮನಿಲಾ ಅವರ ಲೆಕ್ಕದಲ್ಲಿರಲಿಲ್ಲ.

ನನ್ನ ಗ್ರೀನ್ ಕಾರ್ಡ್ ಕ್ಯೂಗೂ ಇವರಿಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಬೇಜಾರಾಗಬೇಡಿ. ದೊಡ್ಡ ದೇಶವಿರಲಿ ಚಿಕ್ಕದಿರಲಿ, ಎಲ್ಲರಿಗೂ ಒಂದೇ ಗರಿಷ್ಠ ಮಿತಿ ಅನ್ನುವ ಯೋಚನೆ 1965ರದು. 1924ರ ತಾರತಮ್ಯಕ್ಕೆ ಅದೇ ಮದ್ದು ಅಂತ ಆಗ ಅನ್ನಿಸಿತ್ತು. ಈಗಿನ ಶೇ 7ರ ಲೆಕ್ಕ ಮಾತ್ರ 1990ರ ಕಾನೂನಿನದು, ಆಗ ಸೆಲ್ಲರ್ ಬದುಕಿರಲಿಲ್ಲ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಭಾರತಕ್ಕೂ ಶೇ 7, ಐಸ್‌ಲ್ಯಾಂಡಿಗೂ ಶೇ 7. ಬೇರೆಯವರು ಬಿಟ್ಟ ಉಳಿಕೆ ಸಿಕ್ಕಿದರೆ ಪುಣ್ಯ. ಲೆಕ್ಕ ಹಿಡಿಯುವುದು ಪಾಸ್‌ಪೋರ್ಟಿನಿಂದಲ್ಲ, ಹುಟ್ಟಿದ ಜಾಗದಿಂದ. ಹುಬ್ಬಳ್ಳಿಯಲ್ಲಿ ಹುಟ್ಟಿ ಕೆನಡಾದ ಪೌರರಾಗಿದ್ದರೂ ನೀವು ಭಾರತದ ಸಾಲಿನಲ್ಲೇ ನಿಲ್ಲಬೇಕು.

ಇನ್ನೊಂದು ತಮಾಷೆ. ಎಚ್-1ಬಿ ವೀಸಾದ ಮೂಲವಾದ ಎಚ್-1 ಬಂದದ್ದು 1952ರ ಮೆಕ್ಯಾರನ್-ವಾಲ್ಟರ್ ಕಾಯ್ದೆಯಲ್ಲಿ. ಆ ಕಾಯ್ದೆಯನ್ನು ಸೆಲ್ಲರ್ ಬಲವಾಗಿ ವಿರೋಧಿಸಿದ್ದರು, ಏಕೆಂದರೆ ಅದು ಹಳೇ ಕೋಟಾ ಪದ್ಧತಿಯನ್ನು ಉಳಿಸಿಕೊಂಡಿತ್ತು. ಟ್ರೂಮನ್ ವೀಟೋ ಹಾಕಿದರು, ಸಂಸತ್ತು ವೀಟೋವನ್ನೂ ಮೀರಿ ಪಾಸು ಮಾಡಿತು.

## ಸಮಿತಿಯ ಕುರ್ಚಿ

ನ್ಯಾಯಾಂಗ ಸಮಿತಿ ಅಧ್ಯಕ್ಷ ಅಂದ್ರೆ ಅಷ್ಟು ದೊಡ್ಡ ಹುದ್ದೆನಾ?

ಆಗ ಇತ್ತು. ಪೌರ ಹಕ್ಕು, ವಲಸೆ, ಸಂವಿಧಾನ ತಿದ್ದುಪಡಿ, ಕೋರ್ಟುಗಳು, ಕಂಪನಿಗಳ ಏಕಸ್ವಾಮ್ಯ ಎಲ್ಲವೂ ಈ ಸಮಿತಿಯ ಕೈಯಲ್ಲಿ. ಅಧ್ಯಕ್ಷಗಿರಿ ಬರುತ್ತಿದ್ದುದು ಹಿರಿತನದಿಂದ. ಬಹುಮತವಿರುವ ಪಕ್ಷದವರಲ್ಲಿ ಸಮಿತಿಯಲ್ಲಿ ಹೆಚ್ಚು ವರ್ಷ ಕೂತವರೇ ಅಧ್ಯಕ್ಷರು. ಅವರಿಗೆ ಬೇಡವಾದ ಮಸೂದೆ ಹೊರಗೇ ಬರುತ್ತಿರಲಿಲ್ಲ. ಸೆಲ್ಲರ್ 1949ರಿಂದ 1973ರವರೆಗೆ, ನಡುವೆ ರಿಪಬ್ಲಿಕನ್ನರಿಗೆ ಬಹುಮತವಿದ್ದ ಎರಡು ವರ್ಷ ಬಿಟ್ಟು, ಈ ಕುರ್ಚಿಯಲ್ಲಿದ್ದರು.

ಒಂದು ಮಸೂದೆ ಬಗ್ಗೆ ನಿಮ್ಮ ನಿಲುವೇನು ಅಂತ ಯಾರೋ ಕೇಳಿದರಂತೆ. 'ನಿಲ್ಲೋದೆಲ್ಲಿ ಬಂತು, ನಾನು ಅದರ ಮೇಲೆ ಕೂತಿದ್ದೀನಿ' ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರಂತೆ.

1964ರ ಪೌರ ಹಕ್ಕು ಕಾಯ್ದೆ ಕೆನಡಿ, ಜಾನ್ಸನ್ ಮಾಡಿದ್ದಲ್ವಾ? ಇವರ ಪಾಲೇನು?

ಮಸೂದೆಯನ್ನು ಕೆಳಮನೆಯಲ್ಲಿ ಮಂಡಿಸಿದವರು ಇವರು, 1963ರ ಜೂನ್‌ನಲ್ಲಿ. ಯಾವ ಉಪಸಮಿತಿಗೆ ಕಳಿಸಬೇಕು ಅನ್ನುವುದೂ ಇವರದೇ ತೀರ್ಮಾನ. ತಾವೇ ಅಧ್ಯಕ್ಷರಾಗಿದ್ದ 5ನೇ ಉಪಸಮಿತಿಗೆ ಕಳಿಸಿಕೊಂಡರು. ಅಲ್ಲಿ ಕರಿಯರ ಹಕ್ಕಿನ ಪರ ಇರುವವರದೇ ಬಲ.

ಉಪಸಮಿತಿ ಮಸೂದೆಯನ್ನು ಎಷ್ಟು ಬಿಗಿ ಮಾಡಿತೆಂದರೆ ಕೆನಡಿ ಸರ್ಕಾರಕ್ಕೇ ಗಾಬರಿಯಾಯಿತು. ಇಷ್ಟು ಬಿಗಿಯಾದರೆ ರಿಪಬ್ಲಿಕನ್ನರ ಮತ ಸಿಗುವುದಿಲ್ಲ, ಅವರಿಲ್ಲದೆ ಪಾಸಾಗುವುದಿಲ್ಲ. ಏಕೆಂದರೆ ಸೆಲ್ಲರ್ ಅವರ ಪಕ್ಷದ ದಕ್ಷಿಣದ ಸಂಸದರೇ ಮಸೂದೆಯ ಕಡು ವೈರಿಗಳು. ಕೊನೆಗೆ ಅಕ್ಟೋಬರ್‌ನಲ್ಲಿ ಒಂದು ರಾಜಿ ಆಯಿತು. ಅದರ ಇನ್ನೊಂದು ಕೈ ಸಮಿತಿಯ ಹಿರಿಯ ರಿಪಬ್ಲಿಕನ್, ಒಹಾಯೊದ ವಿಲಿಯಂ ಮೆಕಲಕ್. ಅವರ ಕ್ಷೇತ್ರದಲ್ಲಿ ಕರಿಯರ ಮತ ತೀರಾ ಕಡಿಮೆ. ಈ ಮಸೂದೆಯಿಂದ ಅವರಿಗೆ ಮೂರು ಕಾಸಿನ ಲಾಭವಿರಲಿಲ್ಲ. ನನ್ನ ಲೆಕ್ಕದಲ್ಲಿ ಈ ಕಥೆಯ ದೊಡ್ಡ ಮನುಷ್ಯ ಅವರೇ.

ಮಸೂದೆ ಸಮಿತಿಯಿಂದ ಹೊರಬಂದ ಎರಡೇ ದಿನಕ್ಕೆ ಕೆನಡಿ ಹತ್ಯೆಯಾಯಿತು. ಮುಂದಿನ ಅಡ್ಡಿ ರೂಲ್ಸ್ ಕಮಿಟಿ. ಅದರ ಅಧ್ಯಕ್ಷ ವರ್ಜೀನಿಯಾದ ಹೋವರ್ಡ್ ಸ್ಮಿತ್ ಮಸೂದೆಯನ್ನು ಸದನಕ್ಕೆ ಬಿಡಲು ತಯಾರಿರಲಿಲ್ಲ. ಸೆಲ್ಲರ್ ಆಗ ಡಿಸ್ಚಾರ್ಜ್ ಪಿಟಿಷನ್ ಹಾಕಿದರು. 218 ಸಂಸದರು ಸಹಿ ಹಾಕಿದರೆ ಸಮಿತಿಯ ಕೈಯಿಂದ ಮಸೂದೆ ಕಿತ್ತು ಸದನಕ್ಕೆ ತರಬಹುದು. ಸಹಿಗಳು ಏರುತ್ತಿದ್ದಂತೆ ಸ್ಮಿತ್ ದಾರಿ ಬಿಟ್ಟರು. 1964ರ ಫೆಬ್ರುವರಿ 10ರಂದು 290–130 ಮತಗಳಿಂದ ಕೆಳಮನೆ ಒಪ್ಪಿತು. ಸೆನೆಟ್ ಮಾಡಿದ ಬದಲಾವಣೆಗಳನ್ನು ಜುಲೈ 2ರಂದು ಒಪ್ಪಿಕೊಂಡಿತು, ಅದೇ ಸಂಜೆ ಜಾನ್ಸನ್ ಸಹಿ ಹಾಕಿದರು.

ಬೇಸ್‌ಬಾಲ್ ಜೊತೆಗೂ ಇವರ ಹೆಸರು ಬರುತ್ತಲ್ಲ?

ಏಕಸ್ವಾಮ್ಯ ಕಂಡರೆ ಸೆಲ್ಲರ್‌ಗೆ ಆಗುತ್ತಿರಲಿಲ್ಲ. ಒಂದು ಕಂಪನಿ ಇನ್ನೊಂದರ ಷೇರು ಕೊಂಡರೆ ತಡೆಯಲು ಕಾನೂನಿತ್ತು, ಆಸ್ತಿಯನ್ನೇ ಕೊಂಡರೆ ಇರಲಿಲ್ಲ. ಆ ಕಿಂಡಿ ಮುಚ್ಚಿದ್ದು 1950ರ ಸೆಲ್ಲರ್-ಕೀಫಾವರ್ ಕಾಯ್ದೆ. ಮರುವರ್ಷ ಬೇಸ್‌ಬಾಲ್ ಲೀಗುಗಳನ್ನೂ ವಿಚಾರಣೆಗೆ ಕರೆದರು, ಹಳೇ ಆಟಗಾರ ಟೈ ಕಾಬ್ ಬಂದು ಸಾಕ್ಷಿ ಹೇಳಿದರು. ಹೊಸ ಕಾನೂನೇನೂ ಆಗಲಿಲ್ಲ.

ಎಲ್ಲ ಬರೀ ಹೊಗಳಿಕೆನೇ ಆಯ್ತಲ್ಲ, ಇವರ ಮೇಲೆ ಆರೋಪ ಇರಲಿಲ್ವಾ?

ಇತ್ತು. ಸಂಸದರಾಗಿದ್ದಾಗಲೂ ನ್ಯೂಯಾರ್ಕಿನ ವಕೀಲರ ಸಂಸ್ಥೆಯೊಂದರಲ್ಲಿ ಪಾಲುದಾರರಾಗಿ ಮುಂದುವರಿದರು. ಕಾನೂನು ಮಾಡುವ ಸಮಿತಿಯ ಅಧ್ಯಕ್ಷರ ಸಂಸ್ಥೆಗೇ ಕಕ್ಷಿದಾರರು ಬಂದರೆ ಜನ ಏನಂದುಕೊಳ್ಳಬೇಕು? ಕೇಂದ್ರ ಸರ್ಕಾರದ ವ್ಯವಹಾರಗಳಿಗೆ ಸೆಲ್ಲರ್ ಹೆಸರಿಲ್ಲದ ಇನ್ನೊಂದು ಫಲಕ ಇಟ್ಟುಕೊಂಡ ವ್ಯವಸ್ಥೆಯನ್ನು ಟೀಕಾಕಾರರು ಚೆನ್ನಾಗಿಯೇ ಝಾಡಿಸಿದರು. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಸರಿ ಅಂತ ನಾನಂತೂ ಹೇಳಲಾರೆ.

## ಕೊನೆಯ ಅಧ್ಯಾಯ

ಕರಿಯರ ಹಕ್ಕಿಗೆ ಹೋರಾಡಿದವರು ಹೆಂಗಸರ ಹಕ್ಕಿಗೆ ಯಾಕೆ ಅಡ್ಡ ನಿಂತರು?

ಇವರ ಬಗ್ಗೆ ಓದಿದವರೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತಾರೆ. 1964ರ ಫೆಬ್ರುವರಿ 8, ಶನಿವಾರ. ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನುವ ಕಲಮಿಗೆ ಜನಾಂಗ, ಧರ್ಮದ ಜೊತೆ ಲಿಂಗವನ್ನೂ ಸೇರಿಸಿ ಅಂತ ಅದೇ ಹೋವರ್ಡ್ ಸ್ಮಿತ್ ತಿದ್ದುಪಡಿ ತಂದರು. ಮಸೂದೆ ಕೆಡಿಸಲು ಮಾಡಿದ ಉಪಾಯ ಅಂತ ಹಲವರ ಅನುಮಾನ. ಸೆಲ್ಲರ್ ಎದ್ದು ನಿಂತು ವಿರೋಧಿಸಿದರು. ನಮ್ಮ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ನನ್ನದೇ, 'ಆಯ್ತು ಕಣೇ' ಅನ್ನುವುದೇ ಆ ಮಾತು ಅಂತ ಹಾಸ್ಯ ಮಾಡಿದರು. ಸದನ ನಕ್ಕಿತು. ಮಿಷಿಗನ್ ಸಂಸದೆ ಮಾರ್ಥಾ ಗ್ರಿಫಿತ್ಸ್ ನಗಲಿಲ್ಲ. ಹೆಂಗಸರಿಗೆ ಎರಡನೇ ದರ್ಜೆ ಅನ್ನುವುದಕ್ಕೆ ಪುರಾವೆ ಬೇಕಿದ್ದರೆ ನಿಮ್ಮ ಈ ನಗುವೇ ಸಾಕು ಅಂತ ತಿರುಗಿಸಿ ಕೊಟ್ಟರು. ತಿದ್ದುಪಡಿ 168–133ರಲ್ಲಿ ಗೆದ್ದಿತು.

ಗಂಡು ಹೆಣ್ಣಿನ ಸಮಾನತೆಗೆ ಸಂವಿಧಾನವನ್ನೇ ತಿದ್ದುವ ಪ್ರಸ್ತಾವವನ್ನಂತೂ ಸೆಲ್ಲರ್ ತಮ್ಮ ಸಮಿತಿಯಲ್ಲಿ ವರ್ಷಗಟ್ಟಲೆ ಅಲುಗಾಡಲು ಬಿಡಲಿಲ್ಲ. ದುಡಿಯುವ ಹೆಂಗಸರಿಗೆ ಇರುವ ರಕ್ಷಣೆ ಹೋಗುತ್ತದೆ ಅನ್ನುವುದು ಅವರ ವಾದ. ಕಾರ್ಮಿಕ ಸಂಘಗಳೂ ಎಷ್ಟೋ ಕಾಲ ಹಾಗೇ ಹೇಳುತ್ತಿದ್ದವು. ಆದರೆ ಕಾಲ ಬದಲಾದರೂ ಇವರು ಬದಲಾಗಲಿಲ್ಲ. 1970ರಲ್ಲಿ ಗ್ರಿಫಿತ್ಸ್ ಡಿಸ್ಚಾರ್ಜ್ ಪಿಟಿಷನ್ ಹಾಕಿ, 218 ಸಹಿ ಗಳಿಸಿ, ಪ್ರಸ್ತಾವವನ್ನು ಸೆಲ್ಲರ್ ಕೈಯಿಂದ ಬಿಡಿಸಿ ಸದನಕ್ಕೆ ತಂದರು. ಏಳು ವರ್ಷದ ಹಿಂದೆ ಸ್ಮಿತ್ ಮೇಲೆ ಸೆಲ್ಲರ್ ಹೂಡಿದ ಅದೇ ಅಸ್ತ್ರ.

ಇಷ್ಟು ದೊಡ್ಡವರು ಸೋತಿದ್ದು ಹೇಗೆ?

1972ರ ಜೂನ್ ಪ್ರೈಮರಿಯಲ್ಲಿ ಯುವ ವಕೀಲೆ ಎಲಿಜಬೆತ್ ಹೋಲ್ಟ್ಸ್‌ಮನ್ ಎದುರು ನಿಂತರು. ಅವರಿಗೆ ಮೂವತ್ತು, ಇವರಿಗೆ ಎಂಬತ್ತನಾಲ್ಕು. ವಾಷಿಂಗ್ಟನ್ ಸ್ಮಾರಕವನ್ನು ಹಲ್ಲುಕಡ್ಡಿಯಿಂದ ಬೀಳಿಸಲು ಹೊರಟಿದ್ದಾಳೆ ಅಂತ ಸೆಲ್ಲರ್ ಲೇವಡಿ ಮಾಡಿದ್ದು ಪತ್ರಿಕೆಗಳಲ್ಲಿ ಬಂತು.

ಹೋಲ್ಟ್ಸ್‌ಮನ್ ಬಳಿ ದುಡ್ಡಿರಲಿಲ್ಲ. ಸಬ್‌ವೇ ಸ್ಟೇಷನ್‌ಗಳ ಹೊರಗೆ, ಸಿನಿಮಾ ಟಿಕೆಟ್ಟಿಗೆ ಕ್ಯೂ ನಿಂತವರ ಪಕ್ಕದಲ್ಲಿ ನಿಂತು ಕರಪತ್ರ ಹಂಚಿದರು. ಹೇಳಿದ್ದು ಸರಳ: ನಿಮ್ಮ ಸಂಸದರು ವಿಯೆಟ್ನಾಂ ಯುದ್ಧ ಬೆಂಬಲಿಸಿದರು, ಸಮಾನ ಹಕ್ಕಿಗೆ ಅಡ್ಡ ಬಂದರು, ಕ್ಷೇತ್ರದಲ್ಲಿ ಅವರದೊಂದು ಕಚೇರಿಯೂ ಇಲ್ಲ. ಕೊನೆಯದೇ ಜನರಿಗೆ ಜಾಸ್ತಿ ನಾಟಿತು ಅಂತ ನನ್ನ ಊಹೆ. ಅಹವಾಲು ಹಿಡಿದು ಹೋಗಲು ಊರಲ್ಲಿ ಒಂದು ಬಾಗಿಲಾದರೂ ಬೇಡವೇ? ಸುಮಾರು 600 ಮತಗಳಲ್ಲಿ ಸೆಲ್ಲರ್ ಸೋತರು.

ಸೋಲದೆ ಇದ್ದಿದ್ರೆ ನಿಕ್ಸನ್ ಕಥೆ ಬೇರೆ ಆಗ್ತಿತ್ತಾ?

ಪ್ರೈಮರಿ ನಡೆದದ್ದು ಜೂನ್ 20ಕ್ಕೆ. ಅದಕ್ಕೆ ಮೂರು ದಿನ ಮೊದಲು ವಾಟರ್‌ಗೇಟ್ ಕಟ್ಟಡದ ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಕಳ್ಳರು ಸಿಕ್ಕಿಬಿದ್ದಿದ್ದರು. ಅದರ ಎಳೆ ನಿಕ್ಸನ್ ತನಕ ಹೋಯಿತು. ಎರಡು ವರ್ಷದ ನಂತರ ನಿಕ್ಸನ್ ಮೇಲಿನ ದೋಷಾರೋಪಣೆ ಬಂದದ್ದು ನ್ಯಾಯಾಂಗ ಸಮಿತಿಗೇ. ಸೆಲ್ಲರ್ ಗೆದ್ದಿದ್ದರೆ ಎಂಬತ್ತಾರನೇ ವಯಸ್ಸಿನಲ್ಲಿ ಆ ವಿಚಾರಣೆಗೆ ಅವರೇ ಅಧ್ಯಕ್ಷರು. ಅವರ ಬದಲು ನ್ಯೂಜೆರ್ಸಿಯ ಪೀಟರ್ ರೊಡಿನೊ ಕೂತರು. ಸಮಿತಿಯ ಸದಸ್ಯರಲ್ಲಿ ಹೋಲ್ಟ್ಸ್‌ಮನ್ ಕೂಡ ಇದ್ದರು, ನಿಕ್ಸನ್ ವಿರುದ್ಧ ಮತ ಹಾಕಿದರು.

ಸೆಲ್ಲರ್ ಇದ್ದಿದ್ದರೆ ಏನಾಗುತ್ತಿತ್ತು? 1970ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರನ್ನು ತೆಗೆಯಬೇಕು ಅಂತ ಆಗ ಕೆಳಮನೆಯ ರಿಪಬ್ಲಿಕನ್ ನಾಯಕರಾಗಿದ್ದ ಜೆರಾಲ್ಡ್ ಫೋರ್ಡ್ ಪಟ್ಟು ಹಿಡಿದಾಗ, ವಿಚಾರಣೆಯನ್ನು ಸೆಲ್ಲರ್ ತಮ್ಮ ಉಪಸಮಿತಿಗೇ ತೆಗೆದುಕೊಂಡು, ತಿಂಗಳುಗಟ್ಟಲೆ ಕಾಗದ ಪತ್ರ ನೋಡಿ, ಆಧಾರವಿಲ್ಲ ಅಂತ ಮುಗಿಸಿದ್ದರು. ನಿಧಾನವೇ ಅವರ ಕಸುಬು. ರೊಡಿನೊ ಕೂಡ ಆತುರಗಾರರಲ್ಲ. ಆದರೆ ಟಿವಿ ಕ್ಯಾಮೆರಾಗಳ ಮುಂದೆ ಆ ವಯಸ್ಸಿನಲ್ಲಿ ಸೆಲ್ಲರ್ ಅದನ್ನು ನಿಭಾಯಿಸುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಸೋತ ಮೇಲೆ ಏನು ಮಾಡಿದ್ರು?

ಮತ್ತೆ ವಕೀಲಿ. ಕೇಂದ್ರದ ಮೇಲ್ಮನವಿ ಕೋರ್ಟುಗಳನ್ನು ಸುಧಾರಿಸುವ ಆಯೋಗದಲ್ಲಿ 1975ರವರೆಗೆ ಸದಸ್ಯರಾಗಿದ್ದರು. 1981ರ ಜನವರಿ 15ರಂದು ಬ್ರೂಕ್ಲಿನ್‌ನಲ್ಲೇ ತೀರಿಕೊಂಡರು, 92 ವರ್ಷವಾಗಿತ್ತು. ಹೋಲ್ಟ್ಸ್‌ಮನ್ ಸೆನೆಟ್ ಚುನಾವಣೆಗೆ ನಿಂತು ಸೋತು, ಅದೇ ತಿಂಗಳು ಕೆಳಮನೆಯಿಂದ ಹೊರಬಂದಿದ್ದರು.